ಸುದ್ದಿ ನಿಂತಾಗ ಓಡುವ ಗಾಳಿಮಾತು

1975ರ ಜೂನ್ 25ರ ರಾತ್ರಿ ದೆಹಲಿಯ ಬಹಾದೂರ್ ಷಾ ಜಫರ್ ಮಾರ್ಗದಲ್ಲಿ ವಿದ್ಯುತ್ ಹೋಯಿತು. ರಾಜಧಾನಿಯ ಹಲವು ದೊಡ್ಡ ಪತ್ರಿಕೆಗಳ ಮುದ್ರಣಾಲಯಗಳು ಇದ್ದುದು ಅದೇ ರಸ್ತೆಯಲ್ಲಿ. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರು ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದ್ದ ರಾತ್ರಿ ಅದು. ವಿರೋಧ ಪಕ್ಷಗಳ ನಾಯಕರನ್ನು ಮನೆಮನೆಗೆ ಹೋಗಿ ಬಂಧಿಸುವ ಕೆಲಸ ನಡೆದಿತ್ತು. ಆ ಸುದ್ದಿ ಬೆಳಗಾಗುವುದರೊಳಗೆ ಜನರ ಕೈ ಸೇರಬಾರದೆಂಬುದೇ ವಿದ್ಯುತ್ ಕಡಿತದ ಉದ್ದೇಶ. ಆದರೆ ಅವಸರದಲ್ಲಿ ಒಂದು ಲೋಪ ಉಳಿಯಿತು. 'ಸ್ಟೇಟ್ಸ್‌ಮನ್' ಮತ್ತು 'ಹಿಂದೂಸ್ತಾನ್ ಟೈಮ್ಸ್' ಕಚೇರಿಗಳಿದ್ದುದು ಬೇರೆ ಬಡಾವಣೆಯಲ್ಲಿ. ಅಲ್ಲಿಗೆ ವಿದ್ಯುತ್ ಬರುತ್ತಿದ್ದುದು ನವದೆಹಲಿ ಪುರಸಭೆಯಿಂದ. ಅವರ ಯಂತ್ರಗಳು ಓಡಿದವು, ಪತ್ರಿಕೆ ಹೊರಬಂತು.

ಮರುದಿನ ಬೆಳಿಗ್ಗೆ ಪ್ರಧಾನಿ ಇಂದಿರಾ ಗಾಂಧಿ ಆಕಾಶವಾಣಿಯಲ್ಲಿ ಮಾತನಾಡಿದರು. ದೇಶದ ಬಹುಪಾಲು ಜನ ತುರ್ತು ಪರಿಸ್ಥಿತಿ ಎಂಬ ಶಬ್ದವನ್ನು ಕೇಳಿದ್ದು ರೇಡಿಯೊ ಮೂಲಕವೇ. ಯಾರು ಯಾರು ಸೆರೆಯಲ್ಲಿದ್ದಾರೆ, ಯಾವ ಊರಿನಲ್ಲಿ ಏನಾಗಿದೆ ಎಂಬುದನ್ನು ತಿಳಿಯಲು ಮಾತ್ರ ದಾರಿ ಇರಲಿಲ್ಲ. ಅಂದಿನಿಂದ 1977ರ ಜನವರಿಯವರೆಗೆ, ಹತ್ತೊಂಬತ್ತು ತಿಂಗಳ ಕಾಲ, ಭಾರತದ ಪತ್ರಿಕೆಗಳು ಸರ್ಕಾರದ ಕತ್ತರಿಯ ಕೆಳಗೆ ಬದುಕಿದವು.

ಆ ದಿನಗಳ ಕಥೆಯನ್ನು ಸಾಮಾನ್ಯವಾಗಿ ರಾಜಕೀಯದ ಕಥೆಯಾಗಿ ಹೇಳುವುದುಂಟು. ಅದರೊಳಗೆ ಇನ್ನೊಂದು ಕಥೆಯೂ ಇದೆ. ಸುದ್ದಿ ನಿಂತುಹೋದರೆ ಸಮಾಜ ಏನು ಮಾಡುತ್ತದೆ? ನಂಬಲು ಪತ್ರಿಕೆಯಿಲ್ಲದ ಜನ ಏನನ್ನು ನಂಬುತ್ತಾರೆ? ಸಮೂಹ ಮಾಧ್ಯಮಗಳ ಪ್ರಭಾವದ ಬಗ್ಗೆ ಚರ್ಚಿಸುವಾಗ ಅವು ಹೇಳಿದ್ದರ ಪರಿಣಾಮವನ್ನಷ್ಟೇ ಲೆಕ್ಕ ಹಾಕುವುದು ರೂಢಿ. ಹೇಳದೆ ಉಳಿದದ್ದರ ಪರಿಣಾಮ ಎಷ್ಟು ದೊಡ್ಡದು ಎಂಬುದಕ್ಕೆ ತುರ್ತು ಪರಿಸ್ಥಿತಿಯಷ್ಟು ಸ್ಪಷ್ಟವಾದ ಪಾಠ ಸ್ವತಂತ್ರ ಭಾರತದಲ್ಲಿ ಮತ್ತೊಂದಿಲ್ಲ.

ಖಾಲಿ ಜಾಗವೂ ಅಪರಾಧ

ಸೆನ್ಸಾರ್ ಆದೇಶ ಹೊರಟದ್ದು ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ. ಬಂಧನ, ಮುಷ್ಕರ, ಪ್ರತಿಭಟನೆ ಮೊದಲಾದ ವಿಷಯಗಳು ಅಧಿಕಾರಿಯ ಒಪ್ಪಿಗೆಯಿಲ್ಲದೆ ಅಚ್ಚಾಗುವಂತಿರಲಿಲ್ಲ. ಕೆಲವೇ ದಿನಗಳಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆ ಐ.ಕೆ. ಗುಜ್ರಾಲ್ ಅವರ ಕೈಯಿಂದ ವಿ.ಸಿ. ಶುಕ್ಲಾ ಅವರ ಕೈಗೆ ಹೋಯಿತು.

ಮೊದಮೊದಲು ಪತ್ರಿಕೆಗಳು ಮೌನದಿಂದಲೇ ಮಾತನಾಡಲು ನೋಡಿದವು. ಜೂನ್ 28ರಂದು 'ಇಂಡಿಯನ್ ಎಕ್ಸ್‌ಪ್ರೆಸ್' ತನ್ನ ಅಗ್ರಲೇಖನದ ಸ್ಥಳವನ್ನು ಖಾಲಿ ಬಿಟ್ಟಿತು. ಮುಂಬಯಿಯ 'ಟೈಮ್ಸ್ ಆಫ್ ಇಂಡಿಯಾ'ದ ನಿಧನ ವಾರ್ತೆಗಳ ಅಂಕಣದಲ್ಲಿ ಒಂದು ಪುಟ್ಟ ಜಾಹೀರಾತು ಕಾಣಿಸಿಕೊಂಡಿತು. 'ಸತ್ಯ' ಎಂಬಾಕೆಯ ಪತಿ, 'ಸ್ವಾತಂತ್ರ್ಯ'ದ ತಂದೆ ಜೂನ್ 26ರಂದು ತೀರಿಕೊಂಡರೆಂಬ ಅರ್ಥದ ಆ ಸಾಲುಗಳಲ್ಲಿ ಸತ್ತವನ ಹೆಸರು ಪ್ರಜಾಪ್ರಭುತ್ವವೆಂದು ಇಂಗ್ಲಿಷ್ ಅಕ್ಷರಗಳನ್ನು ಒಡೆದು ಜೋಡಿಸಿದ ಓದುಗರಿಗೆ ತಿಳಿಯುತ್ತಿತ್ತು. ಸೆನ್ಸಾರ್ ಅಧಿಕಾರಿಯ ಕಣ್ಣಿಗೆ ಅದು ಬೀಳಲಿಲ್ಲ.

ಸರ್ಕಾರ ಬೇಗನೆ ಎಚ್ಚೆತ್ತುಕೊಂಡಿತು. ಅಗ್ರಲೇಖನದ ಜಾಗ ಖಾಲಿ ಬಿಡಬಾರದು ಎಂಬ ಸೂಚನೆ ಹೊರಟಿತು. ಖಾಲಿ ಜಾಗದಲ್ಲಿ ಮಹಾತ್ಮ ಗಾಂಧಿ, ರವೀಂದ್ರನಾಥ ಠಾಕೂರ್, ನೆಹರೂ ಅವರ ಮಾತುಗಳನ್ನು ಹಾಕಿ ತುಂಬಿಸುವುದಕ್ಕೂ ತಡೆ ಬಿತ್ತು. ಬ್ರಿಟಿಷರ ಕಾಲದಲ್ಲಿ ಸ್ವಾತಂತ್ರ್ಯದ ಬಗ್ಗೆ ಹೇಳಿದ ಮಾತು ಸ್ವತಂತ್ರ ಭಾರತದಲ್ಲಿ ಆಕ್ಷೇಪಾರ್ಹವಾಯಿತು.

1975ರ ಡಿಸೆಂಬರ್‌ನಲ್ಲಿ ಮೂರು ಸುಗ್ರೀವಾಜ್ಞೆಗಳು ಬಂದವು. ಒಂದರಿಂದ ಪತ್ರಿಕಾ ಮಂಡಳಿ ರದ್ದಾಯಿತು. ಇನ್ನೊಂದು 'ಆಕ್ಷೇಪಾರ್ಹ' ಬರಹಗಳ ಪ್ರಕಟಣೆಯನ್ನು ತಡೆಯುವುದಕ್ಕೆ. ಮೂರನೆಯದು 1956ರ ಒಂದು ಕಾನೂನನ್ನು ಕಿತ್ತುಹಾಕಿತು. ಸಂಸತ್ತಿನ ಕಲಾಪವನ್ನು ಯಥಾವತ್ತಾಗಿ ವರದಿ ಮಾಡಿದ ಪತ್ರಿಕೆಯ ಮೇಲೆ ಮೊಕದ್ದಮೆ ಹೂಡದಂತೆ ರಕ್ಷಣೆ ಕೊಡುತ್ತಿದ್ದ ಕಾನೂನು ಅದು. ಅದನ್ನು ಸಂಸತ್ತಿನಲ್ಲಿ ಮಂಡಿಸಿ ಜಾರಿಗೆ ತಂದವರು ಫಿರೋಜ್ ಗಾಂಧಿ, ಅಂದರೆ ಪ್ರಧಾನಿಯವರ ಪತಿ. ಫಿರೋಜ್ ಗಾಂಧಿ ಕಾಯ್ದೆ ಎಂದೇ ಅದು ಪ್ರಸಿದ್ಧವಾಗಿತ್ತು. ಇದೇ ಡಿಸೆಂಬರ್‌ನಲ್ಲಿ ವ್ಯಂಗ್ಯಚಿತ್ರಕಾರ ಅಬು ಅಬ್ರಹಾಂ ಒಂದು ಚಿತ್ರ ಬರೆದರು. ರಾಷ್ಟ್ರಪತಿಗಳು ಸ್ನಾನದ ತೊಟ್ಟಿಯಲ್ಲಿ ಕುಳಿತೇ ಸುಗ್ರೀವಾಜ್ಞೆಗೆ ಸಹಿ ಮಾಡಿ ಕೊಡುತ್ತಿರುವ ಆ ಚಿತ್ರ ಹೇಗೋ ಪತ್ರಿಕೆಯಲ್ಲಿ ಬಂದುಬಿಟ್ಟಿತು. ಇಂದಿಗೂ ಆ ಕಾಲದ ನೆನಪೆಂದರೆ ಮೊದಲು ಕಣ್ಮುಂದೆ ಬರುವುದು ಅದೇ.

1976ರ ಫೆಬ್ರುವರಿಯಲ್ಲಿ ಪಿ.ಟಿ.ಐ., ಯು.ಎನ್.ಐ., ಸಮಾಚಾರ ಭಾರತಿ, ಹಿಂದೂಸ್ತಾನ್ ಸಮಾಚಾರ್ ಎಂಬ ನಾಲ್ಕು ಸುದ್ದಿಸಂಸ್ಥೆಗಳನ್ನು ಒಂದುಗೂಡಿಸಿ 'ಸಮಾಚಾರ್' ಎಂಬ ಒಂದೇ ಸಂಸ್ಥೆ ಮಾಡಲಾಯಿತು. ಕೊಳವೆ ಒಂದೇ ಆದರೆ ನಲ್ಲಿ ತಿರುಗಿಸುವುದು ಸುಲಭ. ಬೆಂಗಳೂರಿನ ಪತ್ರಿಕೆಯಾಗಲಿ, ಪಟನಾದ ಪತ್ರಿಕೆಯಾಗಲಿ ದೂರದ ಊರಿನ ಸುದ್ದಿಗೆ ಅದನ್ನೇ ಆಶ್ರಯಿಸಬೇಕಾಯಿತು. ಒಟ್ಟು 253 ಪತ್ರಕರ್ತರು ಆ ಅವಧಿಯಲ್ಲಿ ಬಂಧನಕ್ಕೊಳಗಾದರು. ಉಳಿದವರಲ್ಲಿ ಬಹುಮಂದಿ ತಮಗೆ ತಾವೇ ಸೆನ್ಸಾರ್ ಅಧಿಕಾರಿಗಳಾದರು. ಬಾಗಿ ಎಂದರೆ ತೆವಳಿದಿರಿ ಎಂದು ಮುಂದೆ ಎಲ್.ಕೆ. ಅಡ್ವಾಣಿ ಪತ್ರಕರ್ತರನ್ನು ಕುರಿತು ಆಡಿದ ಚುಚ್ಚುಮಾತು ಹುಟ್ಟಿದ್ದು ಈ ಹಿನ್ನೆಲೆಯಲ್ಲಿ.

ಹಳೆಯ ಬೀಗ, ಹಳೆಯ ಬಾಗಿಲು

ಈ ಉಪಾಯ ಹೊಸದೇನೂ ಆಗಿರಲಿಲ್ಲ. 1857ರ ದಂಗೆಯ ವರ್ಷ ಗವರ್ನರ್ ಜನರಲ್ ಕ್ಯಾನಿಂಗ್ ಮುದ್ರಣಾಲಯಗಳಿಗೆ ಪರವಾನಗಿ ಕಡ್ಡಾಯ ಮಾಡಿದ. ಆದರೆ ಆ ವರ್ಷ ಉತ್ತರ ಭಾರತವನ್ನು ಕಲಕಿದ ಸುದ್ದಿಗಳು ಮುದ್ರಣಾಲಯದಿಂದ ಬಂದಿರಲೇ ಇಲ್ಲ. ತೋಟಾಗಳಿಗೆ ದನದ ಮತ್ತು ಹಂದಿಯ ಕೊಬ್ಬು ಸವರಿದ್ದಾರೆ, ಹಿಟ್ಟಿನಲ್ಲಿ ಮೂಳೆಯ ಪುಡಿ ಬೆರೆಸಿದ್ದಾರೆ ಎಂಬ ಮಾತುಗಳು ಸಂತೆಯಿಂದ ದಂಡಿಗೆ, ದಂಡಿನಿಂದ ಹಳ್ಳಿಗೆ ಬಾಯಿಂದ ಬಾಯಿಗೆ ಸಾಗಿದವು. ಊರಿಂದೂರಿಗೆ ಚಪಾತಿಗಳು ಹೋಗುತ್ತಿದ್ದುದನ್ನು ಕಂಡ ಕಲೆಕ್ಟರುಗಳಿಗೆ ಅದರ ಅರ್ಥವೇನೆಂದು ತಿಳಿಯಲಿಲ್ಲ.

1878ರಲ್ಲಿ ಲಿಟ್ಟನ್ ದೇಶಭಾಷಾ ಪತ್ರಿಕೆಗಳ ಮೇಲೆ ಮಾತ್ರ ಅನ್ವಯವಾಗುವ ಕಾಯ್ದೆ ತಂದ. ಬಂಗಾಳಿಯಲ್ಲಿ ಬರುತ್ತಿದ್ದ 'ಅಮೃತ ಬಜಾರ್ ಪತ್ರಿಕಾ' ಅದರಿಂದ ತಪ್ಪಿಸಿಕೊಳ್ಳಲು ಪೂರ್ತಿ ಇಂಗ್ಲಿಷ್ ಪತ್ರಿಕೆಯಾಗಿ ಬದಲಾಯಿತು. ಮೈಸೂರು ಸಂಸ್ಥಾನದಲ್ಲಿ ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ, 1908ರಲ್ಲಿ, ಪತ್ರಿಕೆಗಳನ್ನು ಅಂಕೆಯಲ್ಲಿಡುವ ಕಾನೂನು ಬಂತು. ಅದಕ್ಕೆ ತಲೆಬಾಗಲೊಲ್ಲದೆ 'ತಾತಯ್ಯ' ಎಂದು ಜನ ಪ್ರೀತಿಯಿಂದ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು.

ಇವೆಲ್ಲಕ್ಕಿಂತ ದಾರುಣವಾದ ಉದಾಹರಣೆ 1943ರ ಬಂಗಾಳದ ಕ್ಷಾಮ. ಯುದ್ಧಕಾಲದ ಸೆನ್ಸಾರ್ ನೆಪದಲ್ಲಿ ಆ ಹಸಿವಿನ ಸುದ್ದಿ ಹೊರಜಗತ್ತಿಗೆ ತಲುಪದಂತೆ ನೋಡಿಕೊಳ್ಳಲಾಗಿತ್ತು. ಕಲ್ಕತ್ತೆಯ ಬೀದಿಗಳಲ್ಲಿ ಜನ ಸಾಯುತ್ತಿದ್ದರು. ಆಗಸ್ಟ್ 22ರಂದು 'ಸ್ಟೇಟ್ಸ್‌ಮನ್' ಸಂಪಾದಕ ಇಯಾನ್ ಸ್ಟೀಫನ್ಸ್ ಆ ಬೀದಿಗಳ ಛಾಯಾಚಿತ್ರಗಳನ್ನು ಪ್ರಕಟಿಸಿದ ಮೇಲೆ ದೆಹಲಿಗೂ ಲಂಡನ್ನಿಗೂ ಕಣ್ಣು ಮುಚ್ಚಿಕೊಂಡಿರಲು ಸಾಧ್ಯವಾಗಲಿಲ್ಲ. ಸುಮಾರು 30 ಲಕ್ಷ ಮಂದಿ ಆ ಕ್ಷಾಮಕ್ಕೆ ಬಲಿಯಾದರೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಬಾಲಕನಾಗಿ ಆ ಕ್ಷಾಮವನ್ನು ಕಂಡಿದ್ದ ಅಮರ್ತ್ಯ ಸೇನ್ ಮುಂದೆ ಅರ್ಥಶಾಸ್ತ್ರಜ್ಞರಾಗಿ ಮಂಡಿಸಿದ ವಾದ ಈಗ ಜಗತ್ಪ್ರಸಿದ್ಧ: ಸ್ವತಂತ್ರ ಪತ್ರಿಕೆಗಳೂ ಚುನಾವಣೆಗಳೂ ಇರುವ ದೇಶದಲ್ಲಿ ದೊಡ್ಡ ಕ್ಷಾಮ ಸಂಭವಿಸುವುದಿಲ್ಲ. ಪತ್ರಿಕೆ ಅನ್ನ ಬೆಳೆಯುವುದಿಲ್ಲ, ನಿಜ. ಅನ್ನವಿಲ್ಲವೆಂದು ಕೂಗಿ ಹೇಳುತ್ತದೆ. ಆ ಕೂಗನ್ನು ಕೇಳಿಸಿಕೊಳ್ಳದೆ ಸರ್ಕಾರಕ್ಕೆ ವಿಧಿಯಿರುವುದಿಲ್ಲ.

ಕಿವಿಯಿಂದ ಕಿವಿಗೆ

ತುರ್ತು ಪರಿಸ್ಥಿತಿಯಲ್ಲಿ ಈ ಕೂಗು ನಿಂತಿತು. 1976ರ ಏಪ್ರಿಲ್‌ನಲ್ಲಿ ಹಳೆ ದೆಹಲಿಯ ತುರ್ಕಮಾನ್ ಗೇಟ್ ಬಳಿ ಮನೆಗಳನ್ನು ಕೆಡವಲು ಹೋದಾಗ ಜನ ಪ್ರತಿಭಟಿಸಿದರು, ಪೊಲೀಸರು ಗುಂಡು ಹಾರಿಸಿದರು. ಪತ್ರಿಕೆಗಳಲ್ಲಿ ಆ ಘಟನೆಯ ನಿಜಸ್ಥಿತಿ ಬರಲಿಲ್ಲ. ಸತ್ತವರೆಷ್ಟು ಎಂಬುದಕ್ಕೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಲೆಕ್ಕ ಹುಟ್ಟಿತು.

ಕುಟುಂಬ ಯೋಜನೆಯ ವಿಷಯದಲ್ಲಿ ಇದು ಇನ್ನೂ ತೀವ್ರವಾಯಿತು. 1975-76ರಲ್ಲಿ ದೇಶದಲ್ಲಿ 26 ಲಕ್ಷದಷ್ಟು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದಿದ್ದರೆ, 1976-77ರಲ್ಲಿ ಆ ಸಂಖ್ಯೆ 81 ಲಕ್ಷ ದಾಟಿತು. ಶಾಲಾ ಶಿಕ್ಷಕರಿಗೆ, ಗ್ರಾಮ ಮಟ್ಟದ ನೌಕರರಿಗೆ ಗುರಿ ಕೊಡಲಾಗಿತ್ತು. ಗುರಿ ಮುಟ್ಟದಿದ್ದರೆ ಸಂಬಳಕ್ಕೆ, ಬಡ್ತಿಗೆ ಸಂಚಕಾರ. ಉತ್ತರದ ರಾಜ್ಯಗಳಲ್ಲಿ ಬಲಾತ್ಕಾರ ನಿಜವಾಗಿಯೂ ನಡೆಯಿತು. ಆದರೆ ಎಲ್ಲಿ ನಡೆದಿದೆ, ಎಲ್ಲಿ ನಡೆದಿಲ್ಲ, ಎಷ್ಟು ನಡೆದಿದೆ ಎಂದು ಬೇರ್ಪಡಿಸಿ ಹೇಳುವ ಪತ್ರಿಕೆ ಇರಲಿಲ್ಲ. ಶಾಲೆಯಲ್ಲಿ ಹಾಕುವ ಲಸಿಕೆಯೂ ಅದೇ ಇರಬಹುದೆಂದು ತಾಯಂದಿರು ಹೆದರಿದರು. ಅಪರಿಚಿತ ಜೀಪು ಊರ ಹಾದಿಯಲ್ಲಿ ಕಂಡರೆ ಗಂಡಸರು ಹೊಲಗಳಿಗೆ ಓಡಿದ ಕಥೆಗಳು ಆ ಕಾಲದ ಬಗ್ಗೆ ಬಂದ ಪುಸ್ತಕಗಳಲ್ಲಿವೆ. ನಿಜವನ್ನು ಮುಚ್ಚಿಟ್ಟಾಗ ಸುಳ್ಳಿಗೂ ನಿಜದ ಬೆಲೆ ಬಂದುಬಿಡುತ್ತದೆ. ಸರ್ಕಾರವೇ ಅಲ್ಲಗಳೆದರೂ ಜನ ನಂಬಲಿಲ್ಲ. ಅಲ್ಲಗಳೆಯುವ ಧ್ವನಿಯ ಮೇಲಿನ ವಿಶ್ವಾಸವೇ ಹೋಗಿತ್ತು. ಆಕಾಶವಾಣಿಯ ಇಂಗ್ಲಿಷ್ ಹೆಸರಿನಲ್ಲಿ 'ಇಂಡಿಯಾ' ಇದ್ದ ಕಡೆ ಜನ 'ಇಂದಿರಾ' ಎಂದು ಸೇರಿಸಿ ನಗುತ್ತಿದ್ದರು.

ಊರ ಬಾಯಿಗೆ ಬೀಗ ಹಾಕಲಾಗದು ಎಂಬ ಮಾತು ಹಳೆಯದು. ಆ ಬಾಯಿ ಬೇರೆ ದಾರಿಗಳನ್ನು ಹುಡುಕಿಕೊಂಡಿತು. ಸಂಜೆಯಾದರೆ ಬಾಗಿಲು ಮುಚ್ಚಿ ಬಿ.ಬಿ.ಸಿ. ಕೇಳುವವರು ಹೆಚ್ಚಾದರು. ಅದರ ದೆಹಲಿ ವರದಿಗಾರ ಮಾರ್ಕ್ ಟಲಿ ಅವರನ್ನು ಸೆನ್ಸಾರ್ ಕಟ್ಟುಪಾಡಿಗೆ ಒಪ್ಪದ ಕಾರಣ ದೇಶದಿಂದ ಹೊರಹಾಕಲಾಗಿತ್ತು. ಅದರಿಂದ ಆ ವಾಹಿನಿಯ ಮಾತಿಗೆ ತೂಕ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಭೂಗತರಾದವರು ಕಲ್ಲಚ್ಚಿನಲ್ಲಿ, ಸೈಕ್ಲೋಸ್ಟೈಲ್ ಯಂತ್ರದಲ್ಲಿ ತೆಗೆದ ಕರಪತ್ರಗಳು ಕೈಯಿಂದ ಕೈಗೆ ದಾಟಿದವು. ಒಬ್ಬರು ಓದಿ ಇನ್ನೊಬ್ಬರಿಗೆ ಕೊಡುವಾಗ ತಮ್ಮದೂ ಒಂದು ಮಾತು ಸೇರಿಸುವುದು ಸಹಜವೇ.

ಬೆಂಗಳೂರಿನ ಸೆರೆಮನೆ

ಕರ್ನಾಟಕಕ್ಕೂ ಈ ಮೌನಕ್ಕೂ ನೇರ ಸಂಬಂಧವಿದೆ. ಘೋಷಣೆಯಾದ ದಿನ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ, ಶ್ಯಾಮ್‌ನಂದನ್ ಮಿಶ್ರ ಸಂಸದೀಯ ಸಮಿತಿಯ ಸಭೆಗಾಗಿ ಬೆಂಗಳೂರಿನಲ್ಲಿದ್ದರು. ಜೂನ್ 26ರ ಬೆಳಿಗ್ಗೆ ಅವರನ್ನು ಬಂಧಿಸಿ ಇಲ್ಲಿನ ಕೇಂದ್ರ ಕಾರಾಗೃಹಕ್ಕೆ ಕಳುಹಿಸಲಾಯಿತು. ಆ ಸೆರೆಮನೆಯ ಜಾಗದಲ್ಲೇ ಈಗ ಸ್ವಾತಂತ್ರ್ಯ ಉದ್ಯಾನವಿದೆ.

ಅದೇ ಸೆರೆಮನೆಯಲ್ಲಿ 1976ರ ಮೇ ತಿಂಗಳಿಂದ ಕಲಾವಿದೆ ಸ್ನೇಹಲತಾ ರೆಡ್ಡಿ ಇದ್ದರು. 'ಸಂಸ್ಕಾರ' ಚಲನಚಿತ್ರದ ಚಂದ್ರಿಯಾಗಿ ಕನ್ನಡಿಗರಿಗೆ ಪರಿಚಿತರಾಗಿದ್ದ ಅವರಿಗೆ ಅಸ್ತಮಾ ಇತ್ತು. ಸೆರೆಯಲ್ಲಿ ಅವರ ಆರೋಗ್ಯ ಕುಸಿಯಿತು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 20ರಂದು, ತೀರಿಕೊಂಡರು. ಲಕ್ಷಾಂತರ ಮಂದಿ ತೆರೆಯ ಮೇಲೆ ಕಂಡ ಮುಖವೊಂದು ಎಂಟು ತಿಂಗಳು ನಗರದ ನಡುಮಧ್ಯದ ಗೋಡೆಯೊಳಗೆ ಬಾಡುತ್ತಿದ್ದಾಗ, ಅದರ ಬಗ್ಗೆ ಜನಾಭಿಪ್ರಾಯ ಮೂಡಲು ಬೇಕಾದ ಸುದ್ದಿಯೇ ಇರಲಿಲ್ಲ. ಪತ್ರಿಕೆಯ ಮೌನಕ್ಕೆ ಯಾರು ಬೆಲೆ ತೆರುತ್ತಾರೆ ಎಂಬ ಪ್ರಶ್ನೆಗೆ ಇಲ್ಲೊಂದು ಉತ್ತರವಿದೆ.

ಕನ್ನಡಿ ಒಡೆದವರ ಮುಖ

1977ರ ಜನವರಿ 18ರಂದು ಚುನಾವಣೆ ಘೋಷಣೆಯಾಯಿತು. ಇಂದಿರಾ ಗಾಂಧಿ ಏಕೆ ಹಾಗೆ ಮಾಡಿದರೆಂಬುದಕ್ಕೆ ಹಲವು ವಿವರಣೆಗಳಿವೆ. ಹೊರದೇಶಗಳ ಟೀಕೆ ಅವರನ್ನು ಕಾಡಿತ್ತೆನ್ನುವವರಿದ್ದಾರೆ. ಜನರ ಒಪ್ಪಿಗೆಯ ಮುದ್ರೆ ಅವರಿಗೆ ಬೇಕಿತ್ತೆನ್ನುವವರಿದ್ದಾರೆ. ಗೆಲ್ಲುತ್ತೇವೆಂಬ ನಂಬಿಕೆಯಂತೂ ಆಳುವವರಲ್ಲಿತ್ತು. ಹತ್ತೊಂಬತ್ತು ತಿಂಗಳು ಪತ್ರಿಕೆಗಳಲ್ಲಿ ಅವರು ಓದಿದ್ದು ತಮ್ಮದೇ ಹೊಗಳಿಕೆ. ಅಧಿಕಾರಿಗಳು ಕಳುಹಿಸಿದ ವರದಿಗಳಲ್ಲಿ ಗುರಿ ಮುಟ್ಟಿದ ಅಂಕಿಗಳಿದ್ದವು, ಗುರಿಗೆ ಸಿಕ್ಕಿದವರ ಅಳಲು ಇರಲಿಲ್ಲ. ಜನರ ಕಣ್ಣಿಗೆ ಕಟ್ಟಿದ ಬಟ್ಟೆ ಸರ್ಕಾರದ ಕಣ್ಣನ್ನೂ ಮುಚ್ಚಿತ್ತು.

ಫೆಬ್ರುವರಿ 6ರಂದು ದೆಹಲಿಯ ರಾಮಲೀಲಾ ಮೈದಾನದಲ್ಲಿ ವಿರೋಧ ಪಕ್ಷಗಳ ಸಭೆ. ಆಗಷ್ಟೇ ಕಾಂಗ್ರೆಸ್ ಬಿಟ್ಟಿದ್ದ ಜಗಜೀವನರಾಂ ಅಲ್ಲಿ ಮಾತನಾಡುವವರಿದ್ದರು. ಅಂದು ಸಂಜೆ ದೂರದರ್ಶನ ಜನಪ್ರಿಯ ಹಿಂದಿ ಚಿತ್ರ 'ಬಾಬ್ಬಿ'ಯನ್ನು ಪ್ರಸಾರ ಮಾಡಿತು. ಟಿ.ವಿ. ಇದ್ದ ಮನೆಗೆ ಬೀದಿಯ ಜನವೆಲ್ಲ ಸಿನಿಮಾ ನೋಡಲು ಸೇರುತ್ತಿದ್ದ ಕಾಲ. ಹಾಗಿದ್ದೂ ಮೈದಾನ ತುಂಬಿತು. ಸಿನಿಮಾಕ್ಕಿಂತ ದೊಡ್ಡ ಹಸಿವು ಜನರಿಗಿತ್ತು, ಮುಚ್ಚುಮರೆಯಿಲ್ಲದ ಮಾತು ಕೇಳುವ ಹಸಿವು.

ಮಾರ್ಚ್‌ನಲ್ಲಿ ಫಲಿತಾಂಶ ಬಂದಾಗ ಉತ್ತರ ಪ್ರದೇಶದ 85, ಬಿಹಾರದ 54 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ಸಿಗಲಿಲ್ಲ. ರಾಯ್‌ಬರೇಲಿಯಲ್ಲಿ ಪ್ರಧಾನಿಯೇ ಸೋತರು. ಮಾರ್ಚ್ 21ರಂದು ತುರ್ತು ಪರಿಸ್ಥಿತಿಯನ್ನು ಹಿಂತೆಗೆದುಕೊಂಡಾಗ ಹಂಗಾಮಿ ರಾಷ್ಟ್ರಪತಿಗಳಾಗಿದ್ದವರು ಕನ್ನಡಿಗರಾದ ಬಿ.ಡಿ. ಜತ್ತಿ.

ಆದರೆ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಬಂದವು. ಆಂಧ್ರಪ್ರದೇಶದ 42ರಲ್ಲಿ 41. ಅದೇ ಸೆನ್ಸಾರ್, ಅದೇ ಮೌನ, ಫಲಿತಾಂಶ ಮಾತ್ರ ತದ್ವಿರುದ್ಧ. ದಕ್ಷಿಣದಲ್ಲಿ ಬಲಾತ್ಕಾರದ ಶಸ್ತ್ರಚಿಕಿತ್ಸೆ ಉತ್ತರದಷ್ಟು ಕ್ರೂರವಾಗಿರಲಿಲ್ಲ. ಕರ್ನಾಟಕದಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಗೇಣಿದಾರರಿಗೆ ನೆಲ ಕೊಡುತ್ತಿತ್ತು. ಉತ್ತರದ ಸುದ್ದಿ ಇಲ್ಲಿಗೆ ಬಂದರೂ ಅದು ದೂರದೂರಿನ ಮಾತಾಗಿತ್ತು. ಗಾಳಿಮಾತಿನ ಬಲ ಎಲ್ಲಿದೆ ಎಂಬುದು ಇಲ್ಲಿ ತಿಳಿಯುತ್ತದೆ. ಅದು ಬರಿಯ ಸುಳ್ಳಿನ ಮೇಲೆ ಬೆಳೆಯದು. ಗಾಯವಿದ್ದ ಕಡೆ ಅಂಟಿಕೊಳ್ಳುತ್ತದೆ, ಗಾಯವಿಲ್ಲದ ಕಡೆ ಹಾರಿಹೋಗುತ್ತದೆ. ಪತ್ರಿಕೆ ಜನರ ತಲೆಯಲ್ಲಿ ತನಗೆ ಬೇಕಾದ್ದನ್ನು ತುಂಬಿಬಿಡುತ್ತದೆಂದು ನಂಬಿ ಅದನ್ನು ಹಿಡಿದಿಟ್ಟವರು ಮರೆತದ್ದು ಇದನ್ನೇ: ಜನರಿಗೆ ತಮ್ಮದೇ ಅನುಭವವೂ ಇರುತ್ತದೆ.

ಹೊಸ ಸರ್ಕಾರ 'ಸಮಾಚಾರ್' ಸಂಸ್ಥೆಯನ್ನು ಒಡೆದು ಹಳೆಯ ನಾಲ್ಕನ್ನೂ ಮರಳಿ ತಂದಿತು. ಪತ್ರಿಕಾ ಮಂಡಳಿಗೆ 1978ರ ಕಾಯ್ದೆಯಿಂದ ಮರುಹುಟ್ಟು ಬಂತು. ಸಂವಿಧಾನದ 44ನೇ ತಿದ್ದುಪಡಿ 'ಆಂತರಿಕ ಕ್ಷೋಭೆ' ಎಂಬ ಕಾರಣವನ್ನು ತೆಗೆದು 'ಸಶಸ್ತ್ರ ಬಂಡಾಯ' ಎಂದು ಬಿಗಿಗೊಳಿಸಿತು. ಸಂಸತ್ತಿನ ಕಲಾಪದ ವರದಿಗಿದ್ದ ರಕ್ಷಣೆ ಈ ಬಾರಿ ಸಂವಿಧಾನದಲ್ಲಿಯೇ ಸೇರಿತು.

ಬರದಿಂದ ನೆರೆಗೆ

ಅಂದು ಸುದ್ದಿಗೆ ಬರಗಾಲ, ಇಂದು ನೆರೆ. ದಿನದ ಇಪ್ಪತ್ತನಾಲ್ಕು ಗಂಟೆಯೂ ಟಿ.ವಿ. ವಾಹಿನಿಗಳು ಮಾತನಾಡುತ್ತವೆ, ಅಂಗೈಯ ಫೋನಿನಲ್ಲಿ ಕ್ಷಣಕ್ಷಣಕ್ಕೂ ಸಂದೇಶ ಬೀಳುತ್ತದೆ. ಆದರೂ ಗಾಳಿಮಾತು ಸಾಯಲಿಲ್ಲ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಜನರ ಮೇಲೆ ಹಲ್ಲೆ ನಡೆಯಲಿದೆ ಎಂಬ ಮೊಬೈಲ್ ಸಂದೇಶ ಹಬ್ಬಿ, ಸಾವಿರಾರು ಮಂದಿ ಎರಡು ಮೂರು ದಿನಗಳಲ್ಲಿ ಬೆಂಗಳೂರಿನ ನಿಲ್ದಾಣದಿಂದ ಗುವಾಹಟಿ ರೈಲು ಹತ್ತಿದರು. ಮುಖ್ಯಮಂತ್ರಿ, ಗೃಹ ಸಚಿವರು, ಪೊಲೀಸರು ಹೆದರಬೇಡಿ ಎಂದು ಹೇಳಿದರೂ ಜನ ನಿಲ್ಲಲಿಲ್ಲ. ಕೊನೆಗೆ ಒಟ್ಟಿಗೆ ಐದಕ್ಕಿಂತ ಹೆಚ್ಚು ಮಂದಿಗೆ ಸಂದೇಶ ಕಳುಹಿಸುವುದನ್ನು ಕೇಂದ್ರ ಸರ್ಕಾರ ಕೆಲ ಕಾಲ ತಡೆಯಬೇಕಾಯಿತು. ಅಸ್ಸಾಮಿನ ಕೊಕ್ರಝಾರ್‌ನಲ್ಲಿ ಆ ಜುಲೈನಲ್ಲಿ ನಡೆದ ಹಿಂಸಾಚಾರ ನಿಜವಾಗಿತ್ತು. ಗಾಯ ಅಲ್ಲಿತ್ತು, ಸುಳ್ಳು ಇಲ್ಲಿ ಅಂಟಿಕೊಂಡಿತು.

2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿಗೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕನೊಬ್ಬ ಗುಂಪಿನ ಕೈಗೆ ಸಿಕ್ಕು ಪ್ರಾಣ ಕಳೆದುಕೊಂಡ. ಆ ದಿನಗಳಲ್ಲಿ ದೇಶದುದ್ದಕ್ಕೂ ಹರಿದಾಡಿದ ಒಂದು ದೃಶ್ಯದಲ್ಲಿ ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದರು. ಅದು ಮಕ್ಕಳ ಸುರಕ್ಷತೆಯ ಬಗ್ಗೆ ಅರಿವು ಮೂಡಿಸಲೆಂದು ಪಾಕಿಸ್ತಾನದ ಕರಾಚಿಯಲ್ಲಿ ತಯಾರಾದ ಚಿತ್ರ. ಮಗುವನ್ನು ಮರಳಿ ತಂದು ಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಸರ್ಕಾರದ ಕತ್ತರಿಯಿಲ್ಲದ ಕಾಲದಲ್ಲಿ ಯಾರದೋ ಕತ್ತರಿ ಆ ಕೆಲಸ ಮಾಡಿತು. ಅದೇ ಜುಲೈನಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ದಾಟಿಸುವ ಮಿತಿ ತಂದಿತು.

ಸುದ್ದಿ ಇಲ್ಲದಿದ್ದಾಗಲೂ ಗಾಳಿಮಾತು, ವಿಪರೀತ ಇದ್ದಾಗಲೂ ಗಾಳಿಮಾತು. ಎರಡು ಕಾಲಗಳಲ್ಲೂ ಕೊರತೆ ಬಿದ್ದದ್ದು ಒಂದೇ ವಸ್ತು: ಹೇಳಿದ ಮಾತಿಗೆ ಹೊಣೆ ಹೊರುವವರು. ದಿನಪತ್ರಿಕೆಯ ಕೊನೆಯ ಪುಟದ ತಳದಲ್ಲಿ ಸಣ್ಣಕ್ಷರದ ಒಂದು ಸಾಲು ಇರುತ್ತದೆ. ಮುದ್ರಕರು ಯಾರು, ಪ್ರಕಾಶಕರು ಯಾರು, ಸಂಪಾದಕರು ಯಾರು, ಅಚ್ಚಾದದ್ದು ಎಲ್ಲಿ ಎಂದು ಅದರಲ್ಲಿರುತ್ತದೆ. ಓದುಗರಲ್ಲಿ ಹೆಚ್ಚಿನವರು ಅದರತ್ತ ಕಣ್ಣು ಹಾಯಿಸುವುದಿಲ್ಲ. 1867ರ ಕಾಯ್ದೆಯ ಮೂಲಕ ಮುದ್ರಕರ, ಪ್ರಕಾಶಕರ ಹೆಸರನ್ನು ಕಡ್ಡಾಯ ಮಾಡಿದವರು ಬ್ರಿಟಿಷರು. ಸಂಪಾದಕರ ಹೆಸರು ಆಮೇಲೆ ಸೇರಿತು. ತಪ್ಪು ಬರೆದವರನ್ನು ಹಿಡಿಯುವುದು ಸುಲಭವಾಗಲೆಂದು ಆಳುವವರು ಮಾಡಿಕೊಂಡ ಏರ್ಪಾಡು ಅದು. ಆ ಕಾಯ್ದೆಯ ಜಾಗಕ್ಕೆ 2023ರಲ್ಲಿ ಬೇರೆ ಕಾಯ್ದೆ ಬಂದಿದೆ. ಆದರೆ ಅಷ್ಟರೊಳಗೆ ಆ ಸಾಲು ಇನ್ನೊಂದು ಅರ್ಥ ಪಡೆದುಕೊಂಡಿತ್ತು. ಬರೆದದ್ದು ಸುಳ್ಳಾದರೆ ಯಾರನ್ನು ಕೇಳಬೇಕೆಂಬ ವಿಳಾಸ ಅದರಿಂದ ಓದುಗರಿಗೂ ಸಿಕ್ಕಿತು.

ತುರ್ತು ಪರಿಸ್ಥಿತಿಯ ದಿನಗಳಲ್ಲಿ ಹೆಸರು, ವಿಳಾಸ ಎಲ್ಲವೂ ಅಚ್ಚಾಗುತ್ತಿತ್ತು, ಅವರ ಮಾತಿಗೆ ಅವಕಾಶವಿರಲಿಲ್ಲ. ಇಂದು ದಾಟಿ ಬರುವ ಸಂದೇಶದಲ್ಲಿ ಮಾತಿಗೆ ಬರವಿಲ್ಲ, ಹೆಸರೂ ವಿಳಾಸವೂ ಇಲ್ಲ. 'ಇದನ್ನು ಹೇಳಿದವರು ಯಾರು?' ಎಂದು ಕೇಳಿ, ಉತ್ತರ ಸಿಗುವವರೆಗೆ ಅದನ್ನು ಮುಂದೆ ದಾಟಿಸದಿರುವ ಕೆಲಸ ಹಿಂದೆ ಪತ್ರಿಕೆಯ ಉಪಸಂಪಾದಕರದಾಗಿತ್ತು. ಈಗ ಅದು ಫೋನು ಹಿಡಿದ ಪ್ರತಿಯೊಬ್ಬರ ಪಾಲಿಗೂ ಬಂದಿದೆ.